ಸೀತಮ್ಮನ ಎಡ ಅಂಗೈ

ಸೋಮವಾರ ಬೆಳಿಗ್ಗೆ ಪೂಜೆಯ ನಡುವೆ ಸೀತಮ್ಮನವರ ಎಡ ಅಂಗೈಯಿಂದ ಇಷ್ಟಲಿಂಗ ಜಾರಿ ನೆಲಕ್ಕೆ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಒಂದು ಸಲ ಪುಟಿದು, ಚಾಪೆಯ ಅಂಚಿಗೆ ಉರುಳಿ ನಿಂತಿತು. ಅಡುಗೆಮನೆಯಲ್ಲಿ ಸೊಸೆ ನಿರ್ಮಲ ತೆಂಗಿನಕಾಯಿ ತುರಿಯುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಮಗ ಓಂಕಾರಪ್ಪ ಆಗಲೇ ತುಂಬಾ ಎಂಬಲ್ಲಿರುವ ರಾಕೆಟ್ ಕೇಂದ್ರದ ಬಸ್ಸು ಹತ್ತಿ ಹೋಗಿದ್ದ. ಮೊಮ್ಮಗಳು ಪಾವನಾ ಶಾಲೆಗೆ ಜಡೆ ಹಾಕಿಕೊಳ್ಳುತ್ತಿದ್ದಳು. ಬಿದ್ದದ್ದನ್ನು ಕಂಡವರು ಸೀತಮ್ಮ ಒಬ್ಬರೇ.

ಅವರಿಗೆ ಎಪ್ಪತ್ತು ವರ್ಷ. ಎಂಟನೆಯ ವಯಸ್ಸಿನಲ್ಲಿ ಜಗಳೂರಿನ ಮನೆಯ ಪಡಸಾಲೆಯಲ್ಲಿ ಗುರುಗಳು ಅವರ ಕೊರಳಿಗೆ ಲಿಂಗ ಕಟ್ಟಿದ್ದರು. ಅಂದಿನಿಂದ ಅರವತ್ತೆರಡು ವರ್ಷ, ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ದಿಟ್ಟಿಸಿ ನೋಡಿದ ಮೇಲೆಯೇ ಬಾಯಿಗೆ ಅನ್ನ. ಬಾಣಂತನದಲ್ಲಿ ತಪ್ಪಿಸಲಿಲ್ಲ, ಗಂಡ ತೀರಿಕೊಂಡ ದಿನವೂ ತಪ್ಪಿಸಲಿಲ್ಲ. ಹತ್ತು ವರ್ಷದ ಹಿಂದೆ ಮಗನ ಜೊತೆ ಈ ಕಡಲ ಊರಿಗೆ, ತಿರುವನಂತಪುರಕ್ಕೆ, ಬಂದಾಗ ಅವರು ಕೇಳಿದ ಮೊದಲ ಪ್ರಶ್ನೆ ಬಿಲ್ವಪತ್ರೆ ಎಲ್ಲಿ ಸಿಗುತ್ತದೆ ಎಂಬುದು. ಇಲ್ಲಿ ಅದಕ್ಕೆ ಕೂವಳಂ ಎನ್ನುತ್ತಾರೆಂದು ಕಲಿತರು. ಮಲಯಾಳದಲ್ಲಿ ಅವರು ಕಲಿತದ್ದು ಆ ಒಂದು ಪದ, ಮತ್ತೆ ಬೇಕು ಎನ್ನಲು ‘ವೇಣಂ’, ಬೇಡ ಎನ್ನಲು ‘ವೇಂಡ’. ಮೂರು ಪದಗಳಲ್ಲಿ ಹತ್ತು ವರ್ಷ ಕಳೆದರು.

ಲಿಂಗ ಬಿದ್ದರೆ ಪ್ರಾಣ ಬಿಡಬೇಕು ಎಂದು ಅವರ ಅಜ್ಜಿ ಹೇಳುತ್ತಿದ್ದಳು. ಹಾಗೆ ಪ್ರಾಣ ಬಿಟ್ಟವರ ಕಥೆಗಳನ್ನೂ ಹೇಳುತ್ತಿದ್ದಳು. ಸೀತಮ್ಮ ಬಲಗೈಯಿಂದ ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡರು, ತೊಳೆದರು, ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡರು. ಎಡಗೈ ಜೋಮು ಹಿಡಿದ ಹಾಗಿತ್ತು. ತುಟಿಯ ಒಂದು ಮೂಲೆಯೂ ದಪ್ಪವಾದ ಹಾಗಿತ್ತು. ಅದನ್ನು ಅವರು ಕಾಯಿಲೆ ಎಂದುಕೊಳ್ಳಲಿಲ್ಲ. ತಪ್ಪು ಎಂದುಕೊಂಡರು. ಮನಸ್ಸು ಎಲ್ಲೋ ಹರಿದಿತ್ತು, ಅದಕ್ಕೇ ಕೈ ಬಿಟ್ಟಿತು. ತಪ್ಪನ್ನು ಯಾರಾದರೂ ಡಾಕ್ಟರಿಗೆ ತೋರಿಸುತ್ತಾರೆಯೇ?

“ಅತ್ತೆ, ದೋಸೆ ಹಾಕಲಾ?” ಎಂದು ನಿರ್ಮಲ ಕೇಳಿದಳು.

“ಹೊಟ್ಟೆ ಸರಿಯಿಲ್ಲ ಕಣವ್ವ. ಇವತ್ತು ಬ್ಯಾಡ.”

ಮೂರು ದಿನ ಹೀಗೇ ಹೊಟ್ಟೆಯ ಮೇಲೆ ಹಾಕಿ ಉಪವಾಸ ಮಾಡಿದರು. ಅದು ಅವರು ತಮಗೆ ತಾವೇ ಕೊಟ್ಟುಕೊಂಡ ಪ್ರಾಯಶ್ಚಿತ್ತ. ಗುರುವಾರ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಆಸ್ಪತ್ರೆಯ ಡಾಕ್ಟರು ಎಡಗೈ ಎತ್ತಿ ಬಿಟ್ಟು ನೋಡಿದರು. ಅದು ಒದ್ದೆ ಬಟ್ಟೆಯಂತೆ ಹಾಸಿಗೆಯ ಮೇಲೆ ಬಿತ್ತು.

“ಇದಕ್ಕೆ ಮುಂಚೆ ಏನಾದರೂ ಆಗಿತ್ತಾ? ಕೈ ಸೋಲುವುದು, ವಸ್ತು ಜಾರುವುದು?”

“ಏನೂ ಇಲ್ಲ ಸಾರ್,” ಎಂದ ಓಂಕಾರಪ್ಪ. ಅವನಿಗೆ ಗೊತ್ತಿದ್ದದ್ದೇ ಅಷ್ಟು.

“ಸಾಮಾನ್ಯವಾಗಿ ಒಂದು ಸೂಚನೆ ಕೊಟ್ಟೇ ಬರುತ್ತೆ. ಆಗಲೇ ಬಂದಿದ್ದರೆ...” ಎಂದ ಡಾಕ್ಟರು ಮಾತು ಮುಗಿಸಲಿಲ್ಲ. ಹೋಗುವ ಮುನ್ನ ಸಮಾಧಾನ ಹೇಳಿದರು: “ಪುಣ್ಯಕ್ಕೆ ಎಡಗಡೆ. ಮಾತು ಉಳಿದಿದೆ. ಬಲಗೈ ಚೆನ್ನಾಗಿದೆ, ಊಟ ತಾವೇ ಮಾಡ್ತಾರೆ.”

ನೋಡಲು ಬಂದವರೆಲ್ಲ ಅದನ್ನೇ ಹೇಳಿದರು. ಪುಣ್ಯಕ್ಕೆ ಎಡಗೈ. ಒಂಬತ್ತು ದಿನ ಮೂಗಿನ ನಳಿಗೆಯಲ್ಲಿ ಇಳಿದ ಗಂಜಿಯ ಅರಿವು ಸೀತಮ್ಮನವರಿಗೆ ಪೂರ್ತಿ ಇರಲಿಲ್ಲ. ಮನೆಗೆ ಬಂದ ಮೊದಲ ಬೆಳಿಗ್ಗೆ ಅರಿವಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋದರು, ಸ್ಟೂಲಿನ ಮೇಲೆ ಕೂತು ತಾವೇ ಮಿಂದರು, ಚಾಪೆಯ ಮೇಲೆ ಕೂತರು. ಬಲಗೈಯಿಂದ ಎಡಗೈಯನ್ನು ತೊಡೆಯ ಮೇಲೆ ತಂದಿಟ್ಟು, ಮಡಿಸಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕಿರುಬೆರಳು ಬಿಡಿಸುವಷ್ಟರಲ್ಲಿ ಹೆಬ್ಬೆರಳು ಮುಚ್ಚಿಕೊಳ್ಳುತ್ತಿತ್ತು. ಮಂಡಿಯ ಕೆಳಗೆ ಒತ್ತಿ ಹಿಡಿದರು. ಆಗ ಅಂಗೈ ತೆರೆಯಿತು, ಆದರೆ ವಾಲಿತು. ಅರ್ಧ ಗಂಟೆಯ ಮೇಲೆ ನಿರ್ಮಲ ಇಣುಕಿ ನೋಡಿದಾಗ ಅತ್ತೆ ಕರಡಿಗೆಯ ಮುಚ್ಚಳವನ್ನೇ ತೆಗೆದಿರಲಿಲ್ಲ.

“ಗಂಜಿ ಮಾಡಿದೀನಿ ಅತ್ತೆ.”

“ಪೂಜೆ ಆಗಿಲ್ಲವ್ವ.”

“ಮೈ ಹುಷಾರಿಲ್ಲದಾಗ ಪರವಾಗಿಲ್ಲ ಅಂತಾರಲ್ಲ?”

“ಯಾರಂತಾರೆ?”

ನಿರ್ಮಲ ಹೋಗಿ ಗಂಜಿಯ ಪಾತ್ರೆ ಮುಚ್ಚಿಟ್ಟಳು. ಪೂಜೆಯ ಮಾತಿನಲ್ಲಿ ಅವಳು ಯಾವತ್ತೂ ಎರಡನೆಯ ಮಾತು ಆಡಿದವಳಲ್ಲ. ಅವಳ ಕೊರಳಲ್ಲಿ ಲಿಂಗವಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಹನ್ನೊಂದು ತಿಂಗಳ ಮೊದಲ ಮಗು ಜಗಳೂರಿನಲ್ಲಿ ಜ್ವರ ಬಂದು ಹೋದ ದಿನ, ಅವಳು ಅದನ್ನು ಕಳಚಿ ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದಳು. ಆ ಡಬ್ಬಿ ಊರಿಂದ ಊರಿಗೆ ಅವಳ ಸೀರೆಗಳ ಅಡಿಯಲ್ಲೇ ಬಂದಿತ್ತು. ಸೀತಮ್ಮ ಯಾಕೆಂದು ಕೇಳಲಿಲ್ಲ, ಬೈಯಲಿಲ್ಲ. ಸೊಸೆ ಮಾಡಿದ ಅಡುಗೆಯನ್ನು ಉಂಡರು, ಅವಳ ಬಾಣಂತನ ಮಾಡಿದರು. ತಮ್ಮ ಪೂಜೆಯ ಚೆಂಬನ್ನು ಮಾತ್ರ ಅವಳ ಕೈಗೆ ಕೊಡಲಿಲ್ಲ, ಅಷ್ಟೇ. ಹದಿನಾಲ್ಕು ವರ್ಷ ಆ ಚೆಂಬನ್ನು ಅವರೇ ತೊಳೆದುಕೊಂಡರು.

ಅಂದಿನಿಂದ ಸೀತಮ್ಮ ಬಾಯಿಗೆ ಹಾಕಿಕೊಂಡದ್ದು ನೀರು ಮತ್ತು ಎಳನೀರು. ಹಟವೇನೂ ಕಾಣುತ್ತಿರಲಿಲ್ಲ; ದಿನಾ ಬೆಳಿಗ್ಗೆ ಮಿಂದು ಕೂರುತ್ತಿದ್ದರು, ಬೆರಳು ಬಿಡಿಸುತ್ತಿದ್ದರು, ಸೋತು ಏಳುತ್ತಿದ್ದರು. ಮಗ ಬೇಡಿದ, ರೇಗಿದ, ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತ. ಪಾವನಾ ಮಲಯಾಳದಲ್ಲಿ ಗೋಗರೆದಳು. ಮೊಮ್ಮಗಳಿಗೆ ಅವರು ಕೊಟ್ಟ ಉತ್ತರ “ವೇಂಡ”.

ಐದನೆಯ ದಿನ ಒಬ್ಬ ಹುಡುಗಿ ಬಂದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಕ್ಲಿಪ್ಪು ಹಾಕಿದ ರಟ್ಟು, ಅದರ ಮೇಲೆ ಹಾಳೆಗಳ ಕಟ್ಟು. ಹೆಸರು ರಾಜಲಕ್ಷ್ಮಿ. ಅರವತ್ತು ದಾಟಿದವರಲ್ಲಿ ಅಂಗವೈಕಲ್ಯ ಎಷ್ಟಿದೆ ಎಂದು ಮನೆಮನೆ ಎಣಿಸುವ ಕೆಲಸ. ಪಾವನಾ ನಡುವೆ ಕೂತು ಅವಳ ಮಲಯಾಳವನ್ನು ತನ್ನ ಹರಕು ಕನ್ನಡಕ್ಕೆ ತಂದಳು; ಅಜ್ಜಿ ಮಾತ್ರ ‘ಅಮ್ಮೂಮ್ಮ’ ಆಗಿಯೇ ಉಳಿದರು.

“ಅಮ್ಮೂಮ್ಮ ಸ್ನಾನ ತಾವೇ ಮಾಡ್ತಾರಾ?”

“ಮಾಡ್ತೀನಿ.”

“ಬಟ್ಟೆ?”

ಸೀತಮ್ಮ ಬಲಗೈಯಿಂದ ಸೆರಗು ಸರಿಮಾಡಿಕೊಂಡು ತೋರಿಸಿದರು.

“ಕಕ್ಕಸಿಗೆ? ಮಂಚದಿಂದ ಏಳೋದು, ಕೂರೋದು?”

“ಗೋಡೆ ಐತಲ್ಲ, ಹಿಡ್ಕೊಂಡು ಹೋಗ್ತೀನಿ. ಯಾರನ್ನೂ ಕರೆಯಲ್ಲ.”

“ಊಟ ತಮ್ಮ ಕೈಯಲ್ಲೇ?”

ಪಾವನಾ ಆ ಪ್ರಶ್ನೆಯನ್ನು ಕನ್ನಡಕ್ಕೆ ತರದೆ ಅಮ್ಮನ ಮುಖ ನೋಡಿದಳು. ನಿರ್ಮಲ ಹೇಳಿದಳು: “ಕೈಯಲ್ಲಿ ಉಣ್ಣೋಕೆ ಆಗುತ್ತೆ. ಆದರೆ ಉಣ್ಣುತ್ತಿಲ್ಲ. ಐದು ದಿನ ಆಯ್ತು.”

“ನುಂಗೋಕೆ ತೊಂದರೆಯಾ ಚೇಚಿ?” ಎಂದು ರಾಜಲಕ್ಷ್ಮಿ ನಿರ್ಮಲಳನ್ನು ಅಕ್ಕನೆಂದು ಕರೆದು ಕೇಳಿದಳು.

“ಇಲ್ಲ.”

ನಿರ್ಮಲ ತನ್ನ ಮುರುಕು ಮಲಯಾಳದಲ್ಲಿ ಎಲ್ಲವನ್ನೂ ಹೇಳಿದಳು. ರಾಜಲಕ್ಷ್ಮಿ ಪೆನ್ನು ಕೆಳಗಿಟ್ಟು ಕೇಳಿದಳು. ಆಮೇಲೆ ಹಾಳೆಯನ್ನು ಮೇಲಿಂದ ಕೆಳಗೆ, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎಲ್ಲ ಪ್ರಶ್ನೆಗೂ ‘ಸಹಾಯ ಬೇಡ’ ಎಂದೇ ಗುರುತಾಗಿತ್ತು. ಆ ಹಾಳೆಯ ಪ್ರಕಾರ ಸೀತಮ್ಮನವರಿಗೆ ಯಾವ ವೈಕಲ್ಯವೂ ಇರಲಿಲ್ಲ.

“ಹೋದ ವಾರ ಚಾಲೈ ಬಜಾರಿನ ಹಿಂದಿನ ಓಣಿಗಳಿಗೆ ಹೋಗಿದ್ದೆ,” ಎಂದಳು ಅವಳು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. “ಅಂಗಡಿಗಳ ಮೇಲಿನ ಮನೆಗಳು. ಕಡಿದಾದ ಮೆಟ್ಟಿಲು. ಮಂಡಿ ಹೋದವರು ವರ್ಷಗಟ್ಟಲೆ ಕೆಳಗೆ ಇಳಿದಿಲ್ಲ. ಮನೆಗೊಬ್ಬರು ಸಿಕ್ಕರು. ಇಲ್ಲಿ ಮೀನುಗಾರರ ಮನೆಗಳಲ್ಲಿ ಅದೇ ಮಂಡಿ, ಅದೇ ಬೆನ್ನು. ಮೆಟ್ಟಿಲೇ ಇಲ್ಲ, ಮರಳಿನ ಮೇಲೆ ಕೂತು ಬಲೆ ಹೆಣೀತಾರೆ, ನನಗೇನೂ ಆಗಿಲ್ಲ ಅಂತಾರೆ. ಎರ್ನಾಕುಲಂ ಕಡೆ ಎಣಿಸಿದವರು ಇನ್ನೊಂದು ಲೆಕ್ಕ ತಂದಿದಾರೆ. ಇದನ್ನ ಮಾಡಿಸ್ತಿರೋ ನಮ್ಮ ಕಾಲೇಜಿನ ಮೇಷ್ಟ್ರು ಕೇಳ್ತಾರೆ, ಒಂದೊಂದು ಕಡೆ ಒಂದೊಂದು ಸಂಖ್ಯೆ ಯಾಕೆ ಅಂತ. ನನಗೇನು ಗೊತ್ತು?”

“ಇವರನ್ನು ಯಾವುದಕ್ಕೆ ಸೇರಿಸ್ತೀರಿ?” ಎಂದು ನಿರ್ಮಲ ಕೇಳಿದಳು.

ರಾಜಲಕ್ಷ್ಮಿ ಮತ್ತೆ ಪೆನ್ನು ಎತ್ತಿಕೊಂಡಳು. ‘ಇತರೆ’ ಎಂದಿದ್ದ ಜಾಗದಲ್ಲಿ ಏನೋ ಬರೆದಳು. ಅರ್ಧ ಗೆರೆಯಷ್ಟು ಜಾಗ ಅದು.

ಓಂಕಾರಪ್ಪನಿಗೆ ತಿಳಿದ ದಾರಿ ಒಂದೇ. ವರ್ಕ್‌ಶಾಪಿನಲ್ಲಿ ಅವನ ಕೆಲಸವೇ ಹಿಡಿಕೆ ಮಾಡುವುದು: ಎಷ್ಟು ಅದುರಿಸಿದರೂ ಮೇಲಿನ ಬಿಡಿಭಾಗ ಜಾರದಂತೆ ಹಿಡಿದಿಡುವ ಚೌಕಟ್ಟು. ತಾಯಿಯ ಕೈಯ ಅಳತೆಯನ್ನು ಹಾಳೆಯ ಮೇಲೆ ಗೆರೆ ಎಳೆದುಕೊಂಡು ಹೋಗಿ, ಎರಡು ದಿನ ಕೂತು ತೆಳು ಅಲ್ಯೂಮಿನಿಯಂ ತಗಡಿನಲ್ಲಿ ಅಂಗೈಯ ಒಂದು ಆಸರೆ ಮಾಡಿ ತಂದ. ಒಳಗೆ ಸ್ಪಂಜು, ಬೆರಳಿಗೊಂದೊಂದು ಪಟ್ಟಿ. ಕಟ್ಟಿದಾಗ ಕೈ ನಿಜಕ್ಕೂ ಬಟ್ಟಲಿನಂತೆ ತೆರೆದು ನಿಂತಿತು. ಮನೆಯವರೆಲ್ಲ ಹತ್ತಿರ ಬಂದು ಕೂತರು. ಸೀತಮ್ಮ ಲಿಂಗವನ್ನು ಅದರ ನಡುವೆ ಇಟ್ಟರು. ಅಲುಗಲಿಲ್ಲ. ನೀರೆರೆದರು, ವಿಭೂತಿ ಹಚ್ಚಿದರು. ಬಲಗೈ ತಟ್ಟನೆ ಅಲ್ಲೇ ನಿಂತಿತು.

“ಏನವ್ವಾ?”

“ಭಾರ ಗೊತ್ತಾಗವಲ್ದು ಕಣಪ್ಪ.”

“ಕಾಣ್ತಾ ಐತಲ್ಲ, ಅಲ್ಲೇ ಐತೆ.”

“ಕಾಣ್ತೈತೆ. ಬಂದು ಕೂತಂಗಿಲ್ಲ. ತಗಡಿನ ಮೇಲೆ ಇಟ್ಟಂಗೈತೆ. ನೀರೂ ಗೊತ್ತಾಗವಲ್ದು, ತಣ್ಣಗೈತೋ ಬೆಚ್ಚಗೈತೋ.” ಲಿಂಗವನ್ನು ಎತ್ತಿಕೊಂಡು, “ಬಿಚ್ಚಪ್ಪ. ನೀನು ಚಲೋನೇ ಮಾಡೀಯ. ಬಿಚ್ಚು,” ಎಂದರು.

ಅವನು ಪಟ್ಟಿಗಳನ್ನು ಬಿಚ್ಚಿದ. ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು.

ಎಂಟನೆಯ ದಿನ ಅವರಿಗೆ ಗೋಡೆ ಹಿಡಿದರೂ ನಿಲ್ಲಲಾಗಲಿಲ್ಲ. ಮತ್ತೆ ಆಸ್ಪತ್ರೆಗೆ ಸೇರಿಸಿ ನಳಿಗೆ ಹಾಕಿಸುವುದೇ ಎಂದು ಗಂಡ ಹೆಂಡತಿ ಪಿಸುಮಾತಿನಲ್ಲಿ ಜಗಳವಾಡಿದರು. ಆ ಸಂಜೆ ಚಾಲೈಯಲ್ಲಿ ಔಷಧಿ ಕೊಳ್ಳಲು ಹೋದ ಓಂಕಾರಪ್ಪನಿಗೆ ಜಯಣ್ಣ ಸಿಕ್ಕಿದ. ಬ್ಯಾಡಗಿಯವನು, ಎರ್ನಾಕುಲಂ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ, ತಿಂಗಳಿಗೊಮ್ಮೆ ಚಾಲೈಯ ಅಂಗಡಿಗಳಿಗೆ ಬರುತ್ತಿದ್ದ. ಎಲ್ಲ ಕೇಳಿಸಿಕೊಂಡು ಅವನು ಹೇಳಿದ್ದು ಇಷ್ಟೇ: “ನಾಳೆ ಮುಂಜಾನಿ ಗಾಡಿಗೆ ನಮ್ಮವ್ವನ ಕಡೆ ಕರಕೊಂಡ ಬರ್ರಿ. ನಿಮ್ಮ ಮಾತು ಕೇಳಂಗಿಲ್ಲ ಅವರು. ನಮ್ಮವ್ವನ ಮಾತು ಕೇಳಲಿಕ್ಕೂ ಸಾಕು. ನಾವಂತೂ ಕೇಳ್ತೀವಿ, ಗತಿಯಿಲ್ಲ.”

ಪಾವನಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟರು; ಎರ್ನಾಕುಲಂಗೆ ಬೆಳಗಿನ ರೈಲಿನಲ್ಲಿ ನಾಲ್ಕೂವರೆ ಗಂಟೆ. ನಿರ್ಮಲಳ ತೊಡೆಯ ಮೇಲೆ ತಲೆಯಿಟ್ಟು ಸೀತಮ್ಮ ಮಲಗಿದ್ದರು. ಹಿನ್ನೀರು, ತೆಂಗು, ಮತ್ತೆ ಹಿನ್ನೀರು ಕಿಟಕಿಯಲ್ಲಿ ಹಾದುಹೋದವು. ಅತ್ತೆಯ ತಲೆ ಇಷ್ಟು ಹಗುರವೆಂದು ನಿರ್ಮಲಳಿಗೆ ಗೊತ್ತಿರಲಿಲ್ಲ. ಕೊಲ್ಲಂ ದಾಟುವಾಗ ಒಮ್ಮೆ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು.

ಜಯಣ್ಣನ ಮನೆ ಮೆಣಸಿನಕಾಯಿ ಗೋದಾಮಿನ ಮೇಲಿನ ಎರಡು ಕೋಣೆ. ಘಾಟಿಗೆ ಮೂವರೂ ಸೀನುತ್ತಾ ಮೆಟ್ಟಿಲು ಹತ್ತಿದರು. ಸೀತಮ್ಮನವರನ್ನು ಓಂಕಾರಪ್ಪ ಎತ್ತಿಕೊಂಡಿದ್ದ. ಒಳಗೆ ಕಿಟಕಿಯ ಪಕ್ಕ ಜಯಣ್ಣನ ತಾಯಿ ಕಮಲವ್ವ ಕೂತಿದ್ದರು. ಎಪ್ಪತ್ತೆಂಟು ವರ್ಷ. ಎರಡೂ ಕಣ್ಣು ಕಾಣವು.

“ಸೀನು ಕೇಳಿದ್ರನ ಗೊತ್ತಾತು, ಹೊಸಬರು ಬಂದಾರ ಅಂತ. ಯಾವೂರವ್ವಾ ನೀ?”

“ಜಗಳೂರು.”

“ಇಲ್ಲಿ ಬಾ. ಕೈ ಕೊಡು. ಅದಲ್ಲ, ಸತ್ತ ಕೈ ಕೊಡು.”

ಆ ಮಾತಿಗೆ ಓಂಕಾರಪ್ಪ ಬೆಚ್ಚಿದ. ಮೂರು ವಾರದಿಂದ ಯಾರೂ ಆ ಪದ ಆಡಿರಲಿಲ್ಲ. ಸೀತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ಕೊಟ್ಟರು. ಕಮಲವ್ವ ಬೆರಳು ಬಿಡಿಸಿ, ಅಂಗೈಯ ನಡುವೆ ಹೆಬ್ಬೆರಳಿನಿಂದ ಒತ್ತಿದರು.

“ಇಲ್ಲೇ ಕೂಡ್ತಿತ್ತಲ್ಲ?”

“ಹೌದವ್ವ.”

“ಗೊತ್ತಾಗತೈತೇನು?”

“ಇಲ್ಲ.” ಆಮೇಲೆ ಸೀತಮ್ಮ ಯಾರಿಗೂ ಹೇಳದ್ದನ್ನು ಹೇಳಿದರು. “ಬಿತ್ತು ಕಣವ್ವ. ಆಸ್ಪತ್ರೆಗೆ ಹೋಗಾಕಿಂತ ಮುಂಚೆ, ಸೋಮವಾರ. ಕೈ ಜೋಮು ಹಿಡಿದಿತ್ತು. ನಾನು ಯಾರಿಗೂ ಹೇಳ್ಲಿಲ್ಲ.”

ಬಾಗಿಲ ಬಳಿ ನಿಂತಿದ್ದ ಓಂಕಾರಪ್ಪ ನಿಧಾನವಾಗಿ ಮೆಟ್ಟಿಲಿಳಿದು ಹೋದ. ಡಾಕ್ಟರು ಮುಗಿಸದೆ ಬಿಟ್ಟ ಮಾತು ಈಗ ಅವನಿಗೆ ಮುಗಿದಿತ್ತು. ಗೋದಾಮಿನ ಚೀಲಗಳ ನಡುವೆ ಅವನು ಬಹಳ ಹೊತ್ತು ನಿಂತಿದ್ದನೆಂದು ಜಯಣ್ಣ ಆಮೇಲೆ ಹೇಳಿದ. ಅಲ್ಲಿ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ, ಯಾರೂ ಕೇಳುವುದಿಲ್ಲ.

“ಬಿದ್ದರ ಜೀವ ಬಿಡಬೇಕಂತ ಹೇಳಿದವರು ಭಾಳ ಮಂದಿ,” ಎಂದರು ಕಮಲವ್ವ. “ಬಿಟ್ಟವರನ್ನ ನಾ ಒಬ್ಬರನ್ನೂ ಕಂಡಿಲ್ಲ. ಈಗಂತೂ ಕಾಣಾದೂ ಇಲ್ಲ. ಹನ್ನೊಂದ ವರ್ಷ ಆತು ನಾ ಲಿಂಗ ನೋಡಿ. ದೃಷ್ಟಿ ಇಟ್ಟು ನೋಡಿದ್ರನ ಪೂಜಿ ಅಂತಾರ. ದೃಷ್ಟಿ ಎಲ್ಲಿಂದ ತರಲಿ? ನನ್ನ ಮಗ ಮೆಣಸಿನಕಾಯಿ ಮಾರತಾನ, ಕಣ್ಣು ಮಾರಂಗಿಲ್ಲ. ನಾನೂ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದೆ, ತಿಂಗಳಗಟ್ಟಲೆ. ಇರಲಿ. ಬಲಗೈ ಹಿಡಿ.”

“ಬಲಗೈ?”

“ಇರಾದು ಅದೊಂದ ಅಲ್ಲೇನು?”

“ಬಲಗೈಯಾಗೆ ಹಿಡಿದ್ರೆ ನೀರು ಯಾವ ಕೈಲಿ ಹಾಕ್ಲಿ?”

“ನಾ ಹಾಕ್ತೀನಿ.”

ಸೀತಮ್ಮ ಬಲ ಅಂಗೈಯಲ್ಲಿ ಲಿಂಗವಿಟ್ಟುಕೊಂಡರು. ಕಮಲವ್ವ ಎಡಗೈಯಿಂದ ಅವರ ಮಣಿಕಟ್ಟನ್ನು ಹುಡುಕಿ ಹಿಡಿದು, ಬಲಗೈಯಿಂದ ಚೆಂಬು ಬಗ್ಗಿಸಿದರು. ಮೊದಲ ನೀರು ಸೀರೆಯ ಮೇಲೆ ಬಿತ್ತು. “ಈ ಕಡೆ, ಇನ್ನೊಂಚೂರು ಈ ಕಡೆ,” ಎಂದು ಸೀತಮ್ಮ ಹೇಳುತ್ತಾ ಹೋದರು. ಕಣ್ಣಿಲ್ಲದವರು ಎರೆದರು, ಕೈಯಿಲ್ಲದವರು ದಾರಿ ಹೇಳಿದರು. ನೀರು ಸೀತಮ್ಮನವರ ಬೆರಳ ಸಂದಿಯಲ್ಲಿ ಇಳಿಯಿತು. ತಣ್ಣಗಿತ್ತು, ಗೊತ್ತಾಯಿತು. ಆ ಮಧ್ಯಾಹ್ನ ಅರ್ಧ ಬಟ್ಟಲು ಗಂಜಿ ಕುಡಿದರು. ಎರಡು ದಿನ ಅಲ್ಲಿದ್ದರು. ಎರಡು ದಿನವೂ ಉಂಡರು.

ಮೂರನೆಯ ದಿನ ತಿರುವನಂತಪುರಕ್ಕೆ ವಾಪಸು. ಭಾನುವಾರ ಓಂಕಾರಪ್ಪ ನೀರೆರೆದ, ಸೋಮವಾರ ಎರೆದ, ಮಂಗಳವಾರ ಎರೆದ. ಅವನ ಕೊರಳಲ್ಲಿ ಲಿಂಗವಿತ್ತು, ತೊಂದರೆಯಿರಲಿಲ್ಲ. ಬುಧವಾರ ಅವನು ಶ್ರೀಹರಿಕೋಟಕ್ಕೆ ಹೊರಡಬೇಕಿತ್ತು, ಆರು ವಾರದ ಕೆಲಸ. ಬೇರೊಬ್ಬರನ್ನು ಕಳಿಸಿ ಎಂದು ಕೇಳಿ ನೋಡಿದ್ದ. ಅವನು ಮಾಡಿದ ಹಿಡಿಕೆಗಳು ಅವನಿಗೇ ಗೊತ್ತು ಎಂದರು ಮೇಲಿನವರು. ಪಾವನಾಗೆ ದೀಕ್ಷೆಯೇ ಆಗಿರಲಿಲ್ಲ. ಬುಧವಾರ ಬೆಳಿಗ್ಗೆ ಅವನು ಚೀಲ ಹೆಗಲಿಗೇರಿಸಿದ. ಗೇಟಿನ ಹತ್ತಿರ ಒಮ್ಮೆ ನಿಂತ, ಹೋದ.

ಸೀತಮ್ಮ ಮಿಂದು ಚಾಪೆಯ ಮೇಲೆ ಕೂತಿದ್ದರು. ನಿರ್ಮಲ ಬಾಗಿಲಲ್ಲಿ ನಿಂತಳು. ಚೆಂಬು ಅತ್ತೆಯ ಪಕ್ಕದಲ್ಲಿತ್ತು.

“ನಿಂದು ಎಲ್ಲೈತೆ?” ಎಂದು ಸೀತಮ್ಮ ಕೇಳಿದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

“ಬೀರುವಿನಲ್ಲಿದೆ.”

“ಹಾಕ್ಕೊಂಡು ಬಾ.”

“ಆಗಲ್ಲ ಅತ್ತೆ.”

“ನನ್ನ ಸಲುವಾಗಿ?”

“ಹಾಕ್ಕೊಂಡ್ರೆ ಸುಳ್ಳಾಗುತ್ತೆ. ನಿಮ್ಮ ಮುಂದೆ ಕೂತು ಸುಳ್ಳು ಮಾಡಲಾ?” ನಿರ್ಮಲಳ ದನಿ ಏರಲಿಲ್ಲ. “ಮಗೂನ ಎತ್ಕೊಂಡು ಹೋದ ದಿನ ತೆಗೆದದ್ದು. ಮತ್ತೆ ಕೊರಳಿಗೆ ಬರಲ್ಲ. ನೀರು ಹಾಕ್ತೀನಿ. ದಿನಾ ಹಾಕ್ತೀನಿ. ಅದಕ್ಕಿಂತ ಜಾಸ್ತಿ ನನ್ನ ಹತ್ರ ಏನೂ ಇಲ್ಲ.”

ಸೀತಮ್ಮ ಕಣ್ಣು ಮುಚ್ಚಿಕೊಂಡರು. ಹೊರಗೆ ಮೀನು ಮಾರುವವಳು ಕೂಗುತ್ತಾ ಹೋದಳು. ಲಿಂಗ ಆಗಲೇ ಬಲ ಅಂಗೈಯಲ್ಲಿತ್ತು. ಮೂರು ವಾರದಲ್ಲಿ ಬತ್ತಿದ್ದ ಆ ತೋಳು ಎಷ್ಟು ಹೊತ್ತು ಚಾಚಿಕೊಂಡು ನಿಲ್ಲಬಲ್ಲದು? ಮೊದಲು ಬೆರಳ ತುದಿ ನಡುಗಿತು, ಆಮೇಲೆ ಮಣಿಕಟ್ಟು. ಸೀತಮ್ಮ ಕಣ್ಣು ತೆರೆದರು. ಅಂಗೈ ವಾಲುತ್ತಿತ್ತು. ಅದನ್ನು ಹಿಡಿಯಲು ಅವರಿಗೆ ಬೇರೆ ಕೈ ಇರಲಿಲ್ಲ.

“ನಿರ್ಮಲಾ,” ಎಂದರು.

ಅವಳು ಮಂಡಿಯೂರಿ ಕೂತು, ಅತ್ತೆಯ ಕೈಯ ಕೆಳಗೆ ತನ್ನ ಕೈಯಿಟ್ಟಳು. ನಡುಕ ಅವಳ ಕೈಗೂ ಇಳಿಯಿತು, ಸ್ವಲ್ಪ ಹೊತ್ತಿಗೆ ನಿಂತಿತು. ಇನ್ನೊಂದು ಕೈಯಿಂದ ಚೆಂಬು ಎತ್ತಿಕೊಂಡಳು. ಬೇಡ ಎಂದು ಯಾರೂ ಹೇಳಲಿಲ್ಲ. ನೀರೆರೆಯುವಾಗ ಅವಳು ಕೈ ಮುಗಿಯಲಿಲ್ಲ, ಕಣ್ಣು ಮುಚ್ಚಲಿಲ್ಲ; ನೀರು ಎಲ್ಲಿ ಬೀಳುತ್ತಿದೆ ಎಂದಷ್ಟೇ ನೋಡಿದಳು. ಸೀತಮ್ಮ ಅವಳನ್ನೇ ನೋಡುತ್ತಿದ್ದರು, ಲಿಂಗವನ್ನಲ್ಲ.

ಲಿಂಗ ಕರಡಿಗೆಗೆ ಸೇರಿದ ಮೇಲೆ ನಿರ್ಮಲ ಗಂಜಿಯ ಬಟ್ಟಲು ತಂದಿಟ್ಟಳು. ಸೀತಮ್ಮ ಮುಟ್ಟಲಿಲ್ಲ. ಗಂಜಿಯ ಮೇಲೆ ಕೆನೆ ಕಟ್ಟಿತು.

“ಇದು ಪೂಜೆ ಅಲ್ಲ ಕಣೆ,” ಎಂದರು.

“ಗೊತ್ತು ಅತ್ತೆ.”

“ಹಸಿವು ತಡೀಲಾರೆ.”

ಆ ಮಾತು ಹೇಳುವಾಗ ಅವರ ಮುಖ ನೋಡಬಾರದೆಂದು ನಿರ್ಮಲ ತಲೆ ತಗ್ಗಿಸಿದಳು. ಚಮಚ ಬಟ್ಟಲಿಗೆ ತಾಗಿದ ಸದ್ದು ಕೇಳಿತು. ಸೀತಮ್ಮ ಉಣ್ಣುತ್ತಿದ್ದರು, ಬೇಗ ಬೇಗ, ಗಲ್ಲದ ಮೇಲೆ ಗಂಜಿ ಇಳಿದರೂ ಒರೆಸಿಕೊಳ್ಳದೆ. ಬಟ್ಟಲು ನೆಲದ ಮೇಲೆ ಜಾರತೊಡಗಿದಾಗ ನಿರ್ಮಲ ಒಂದು ಬೆರಳಿನಿಂದ ಅದರ ಅಂಚನ್ನು ಹಿಡಿದಳು.